ಟ್ರಂಕಿನೊಳಗಿನ ಕ್ರೀಡಾ ಸಂಸ್ಥೆ

ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ಉತ್ತರ ಕರ್ನಾಟಕದ ಒಂದು ಜಿಲ್ಲೆಯಲ್ಲಿ ನಾನು ಜಿಲ್ಲಾಧಿಕಾರಿಯಾಗಿದ್ದೆ. ಲೆಕ್ಕಪರಿಶೋಧಕರ ಆಕ್ಷೇಪಣೆಗಳ ಪಟ್ಟಿಯನ್ನು ಪರಿಶೀಲಿಸುತ್ತಿದ್ದ ಒಂದು ಮಧ್ಯಾಹ್ನ ನಲವತ್ತು ಸಾವಿರ ರೂಪಾಯಿಯ ಒಂದು ಬಾಬ್ತು ಕಣ್ಣಿಗೆ ಬಿತ್ತು. ಜಿಲ್ಲಾ ಕೊಕ್ಕೊ ಸಂಸ್ಥೆಗೆ ಎರಡು ವರ್ಷಗಳ ಹಿಂದೆ ಕೊಟ್ಟ ಅನುದಾನಕ್ಕೆ ಹಣ ಬಳಕೆ ಪ್ರಮಾಣಪತ್ರ ಬಂದಿರಲಿಲ್ಲ. ಮೂರು ಜ್ಞಾಪನಪತ್ರಗಳಿಗೂ ಉತ್ತರವಿರಲಿಲ್ಲ. ‘ಹಣ ವಸೂಲಿಗೆ ಕ್ರಮ ಏಕೆ ಕೈಗೊಳ್ಳಬಾರದು’ ಎಂಬ ನೋಟಿಸಿಗೆ ನಾನು ಸಹಿ ಹಾಕಿದೆ. ದಿನಕ್ಕೆ ಅಂತಹ ಹತ್ತಾರು ಕಾಗದಗಳಿಗೆ ಸಹಿ ಹಾಕುವವನಿಗೆ ಅದು ನೆನಪಿನಲ್ಲಿ ಉಳಿಯುವ ವಿಷಯವೂ ಆಗಿರಲಿಲ್ಲ.

ವಾರ ಕಳೆದ ಮೇಲೆ ಒಬ್ಬ ಯುವಕ ಕಚೇರಿಗೆ ಬಂದ. ಹೆಗಲ ಮೇಲೆ ತಗಡಿನ ಟ್ರಂಕು. ಸಂಸ್ಥೆಯ ಕಾರ್ಯದರ್ಶಿಯಾಗಿದ್ದ ಅವನ ತಂದೆ, ನಿವೃತ್ತ ಪಿ.ಟಿ. ಮಾಸ್ತರರು, ತೀರಿಕೊಂಡು ಮೂರು ತಿಂಗಳಾಗಿತ್ತು. “ಸಾಹೇಬರ, ಅಪ್ಪನ ಅಸೋಸಿಯೇಷನ್ ಅಂದ್ರ ಇಷ್ಟ ನೋಡ್ರಿ. ಇದರಾಗ ಏನೈತಿ ಅಂತ ನಮಗ ತಿಳಿಯಂಗಿಲ್ಲ” ಎಂದು ಟ್ರಂಕನ್ನು ನನ್ನ ಮೇಜಿನ ಪಕ್ಕದಲ್ಲಿಟ್ಟ. ಅದರಲ್ಲಿ ಒಂದು ನಡಾವಳಿ ಪುಸ್ತಕ, ಸಂಸ್ಥೆಯ ಮೊಹರು, ದಾರದಲ್ಲಿ ಕಟ್ಟಿದ ಬಸ್ ಟಿಕೆಟುಗಳು, ಖಾನಾವಳಿಯ ಚೀಟಿಗಳು, ಇಪ್ಪತ್ತು ವರ್ಷಗಳ ಆಟಗಾರರ ಅರ್ಜಿಗಳು, ಗುಂಪು ಛಾಯಾಚಿತ್ರಗಳು ಇದ್ದವು. ತಳದಲ್ಲಿ ಬಂಗಾರದ ಬಳೆ ಅಡವಿಟ್ಟ ಒಂದು ಚೀಟಿಯೂ ಇತ್ತು. ಅದರ ತಾರೀಖು ಕಿರಿಯರ ತಂಡವೊಂದು ರಾಷ್ಟ್ರೀಯ ಪಂದ್ಯಾವಳಿಗೆ ರೈಲು ಹತ್ತಿದ ವಾರದ್ದು. ನಮ್ಮ ಲೆಕ್ಕಾಧೀಕ್ಷಕರು ಎರಡು ದಿನ ಕುಳಿತು ಚೀಟಿಗಳನ್ನು ಹೊಂದಿಸಿದಾಗ ತಿಳಿದುಬಂದದ್ದು, ಮಾಸ್ತರರು ಸರ್ಕಾರದ ಹಣವನ್ನೆಲ್ಲ ಖರ್ಚು ಮಾಡಿ ಅದರ ಮೇಲೆ ಕೈಯಿಂದಲೂ ಹಾಕಿದ್ದರು. ಆಕ್ಷೇಪಣೆಯನ್ನು ಕೈಬಿಡಲಾಯಿತು. ಕಡತ ಮುಗಿಯಿತು.

ಆದರೆ ಸಂಸ್ಥೆಯೂ ಅಲ್ಲಿಗೇ ಮುಗಿಯಿತು. ಮುಂದಿನ ಆರು ತಿಂಗಳಲ್ಲಿ ಆ ಮೊಹರಿಗಾಗಿ ಇಬ್ಬರು ಹಕ್ಕುದಾರರು ಹುಟ್ಟಿಕೊಂಡರು. ಇಬ್ಬರೂ ಸಭೆ ಕರೆದರು, ಇಬ್ಬರೂ ಚುನಾವಣೆ ನಡೆಸಿದರು, ಇಬ್ಬರೂ ಲೆಟರ್‌ಹೆಡ್ ಅಚ್ಚು ಹಾಕಿಸಿದರು. ರಾಜ್ಯ ಮಟ್ಟದಲ್ಲಿಯೂ ಆಗ ಎರಡು ಬಣಗಳಿದ್ದುದರಿಂದ ಒಂದೊಂದು ಬಣ ಒಬ್ಬೊಬ್ಬರನ್ನು ಮಾನ್ಯ ಮಾಡಿತು. ಮಾಸ್ತರರ ತಂಡದಲ್ಲಿ ಆಡಿ ರಾಷ್ಟ್ರೀಯ ಪಂದ್ಯಾವಳಿಯವರೆಗೆ ಹೋಗಿದ್ದ ಹುಡುಗಿಯೊಬ್ಬಳು ಕೇಂದ್ರ ಸರ್ಕಾರದ ಕಚೇರಿಯೊಂದರ ಕ್ರೀಡಾ ಕೋಟಾ ಹುದ್ದೆಗೆ ಅರ್ಜಿ ಹಾಕಿದಳು. ಅವಳ ಪ್ರಮಾಣಪತ್ರಕ್ಕೆ ಒಬ್ಬ ಕಾರ್ಯದರ್ಶಿಯ ಸಹಿ ಇತ್ತು. ಇನ್ನೊಬ್ಬ ಕಾರ್ಯದರ್ಶಿ ಅದು ಅಮಾನ್ಯವೆಂದು ಆ ಕಚೇರಿಗೆ ಪತ್ರ ಬರೆದ. ನನ್ನ ಬಳಿಗೂ ಅವಳು ತಂದೆಯೊಂದಿಗೆ ಬಂದಿದ್ದಳು. ನಾನು ಒಂದು ಶಿಫಾರಸು ಪತ್ರ ಕೊಟ್ಟೆ. ಅದರಿಂದ ಪ್ರಯೋಜನವಾಗಲಿಲ್ಲ. ವಿಚಾರಣೆ ಮುಗಿಯುವ ಹೊತ್ತಿಗೆ ಅವಳ ವಯೋಮಿತಿ ಮೀರಿತ್ತು. ಮುಂದೆ ಅವಳ ಬದುಕು ಯಾವ ದಾರಿ ಹಿಡಿಯಿತೋ ತಿಳಿಯದು.

ಕ್ರೀಡಾ ಆಡಳಿತದ ಸುಧಾರಣೆ ಕುರಿತು ಪತ್ರಿಕೆಗಳಲ್ಲಿ ಚರ್ಚೆ ಕಂಡಾಗಲೆಲ್ಲ ನನಗೆ ಆ ಟ್ರಂಕು ಮತ್ತು ಆ ಹುಡುಗಿ ನೆನಪಾಗುತ್ತಾರೆ. ಏಕೆಂದರೆ ನಮ್ಮ ಚರ್ಚೆಯೆಲ್ಲ ದೆಹಲಿಯ ಸುತ್ತಲೇ ನಡೆಯುತ್ತದೆ. ರಾಷ್ಟ್ರೀಯ ಫೆಡರೇಷನ್ನುಗಳ ಪದಾಧಿಕಾರಿಗಳಿಗೆ ಅವಧಿ ಮಿತಿ ಹಾಕುವ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ ಹೊರಡಿಸಿದ್ದು 1975ರಲ್ಲಿ. ಅದು ದಶಕಗಳ ಕಾಲ ಕಡತದಲ್ಲೇ ಮಲಗಿ, 2011ರ ರಾಷ್ಟ್ರೀಯ ಕ್ರೀಡಾ ಅಭಿವೃದ್ಧಿ ಸಂಹಿತೆಯಲ್ಲಿ ಮತ್ತೆ ಎದ್ದು ಕುಳಿತಿತು. 2012ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಭಾರತೀಯ ಒಲಿಂಪಿಕ್ ಸಂಸ್ಥೆಯನ್ನು ಅಮಾನತಿನಲ್ಲಿಟ್ಟಿತು. 2016ರಲ್ಲಿ ಲೋಧಾ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ ಬಹುಪಾಲು ಒಪ್ಪಿತು. 2018 ಮತ್ತು 2022ರಲ್ಲಿ ಅದೇ ನ್ಯಾಯಾಲಯ ಅವುಗಳನ್ನು ಸಡಿಲಿಸಿತು. ಈಗ 2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯನ್ನು ಅಂಗೀಕರಿಸಿದೆ. ಒಂದು ಕ್ರೀಡಾ ಮಂಡಳಿ, ಒಂದು ನ್ಯಾಯಮಂಡಳಿ, ಚುನಾವಣೆಗೆ ಒಂದು ಸಮಿತಿ. ರಾಷ್ಟ್ರೀಯ ಸಂಸ್ಥೆಗಳ ಕಾರ್ಯಕಾರಿ ಸಮಿತಿಯಲ್ಲಿ ಹದಿನೈದಕ್ಕಿಂತ ಹೆಚ್ಚು ಸದಸ್ಯರಿರಬಾರದು, ಅವರಲ್ಲಿ ಕನಿಷ್ಠ ನಾಲ್ವರು ಮಹಿಳೆಯರು ಹಾಗೂ ಇಬ್ಬರು ಶ್ರೇಷ್ಠ ಕ್ರೀಡಾಪಟುಗಳಿರಬೇಕು. ಇವೆಲ್ಲ ಸ್ವಾಗತಾರ್ಹ. ಕಾಯ್ದೆಯಲ್ಲಿ ರಾಜ್ಯ ಮತ್ತು ಜಿಲ್ಲಾ ಘಟಕಗಳ ಪ್ರಸ್ತಾಪವೂ ಇದೆ. ಆದರೆ ಅದರ ಭಾರವೆಲ್ಲ ಮೇಲಿನ ಅಂತಸ್ತಿನ ಮೇಲಿದೆ. ಮಕ್ಕಳು ಆಡುವುದು ನೆಲ ಅಂತಸ್ತಿನಲ್ಲಿ.

ಒಂದು ಸಣ್ಣ ಸಂಗತಿಯನ್ನು ಓದುಗರು ಗಮನಿಸಬೇಕು. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಯಲ್ಲಿ ‘ಫಾರ್ಮ್ 2’ ಎಂಬುದೊಂದಿದೆ. ರಾಜ್ಯವನ್ನು ಪ್ರತಿನಿಧಿಸಿ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡಿದ್ದಕ್ಕೆ ಅದು ಆಧಾರ. ಅದಕ್ಕೆ ಸಹಿ ಹಾಕುವ ಅಧಿಕಾರ ಇರುವುದು ರಾಷ್ಟ್ರೀಯ ಫೆಡರೇಷನ್ನಿನ ಅಥವಾ ರಾಜ್ಯ ಸಂಸ್ಥೆಯ ಕಾರ್ಯದರ್ಶಿಗೆ. ಒಬ್ಬ ತಹಶೀಲ್ದಾರ ಜಾತಿ ಪ್ರಮಾಣಪತ್ರ ಕೊಡಬೇಕಾದರೆ ಅವನ ಹಿಂದೆ ಕಾನೂನಿದೆ, ವಹಿ ಇದೆ, ಮೇಲ್ಮನವಿಗೆ ಅವಕಾಶವಿದೆ, ತಪ್ಪಿದರೆ ಇಲಾಖಾ ವಿಚಾರಣೆ ಇದೆ. ಅಷ್ಟೇ ಬೆಲೆಬಾಳುವ ಇನ್ನೊಂದು ಪ್ರಮಾಣಪತ್ರವನ್ನು ಗೌರವ ಕಾರ್ಯದರ್ಶಿಯೊಬ್ಬರು ತಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಕೊಡುತ್ತಾರೆ. ಕ್ರೀಡಾ ಸಂಸ್ಥೆಗಳು ಖಾಸಗಿ ಸಂಘಗಳು, ಅವುಗಳ ಒಳಾಡಳಿತ ನಮಗೇಕೆ ಎಂಬ ವಾದವನ್ನು ನಾನು ಒಪ್ಪದಿರಲು ಇದೊಂದೇ ಕಾರಣ ಸಾಕು. ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿ ಸಂವಿಧಾನದ ಅರ್ಥದಲ್ಲಿ ‘ಪ್ರಭುತ್ವ’ವಲ್ಲ ಎಂದು 2005ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಹೇಳಿತು ನಿಜ. ಆದರೂ ಅಂತಹ ಸಂಸ್ಥೆ ಸಾರ್ವಜನಿಕ ಕರ್ತವ್ಯ ನಿರ್ವಹಿಸುತ್ತದೆ, ಆ ಮಟ್ಟಿಗೆ ಹೈಕೋರ್ಟುಗಳ ರಿಟ್ ಅಧಿಕಾರಕ್ಕೆ ಒಳಪಡುತ್ತದೆ ಎಂಬುದೂ ಅದೇ ತೀರ್ಪಿನ ತಾತ್ಪರ್ಯ.

ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ಆ ಕಣ್ಣಿನಿಂದ ನೋಡಿದರೆ ಕ್ರೀಡಾ ಸಂಸ್ಥೆ ಒಂದು ಏಕಸ್ವಾಮ್ಯ. ಒಂದು ಆಟಕ್ಕೆ ಒಂದು ದೇಶದಲ್ಲಿ ಒಂದೇ ಫೆಡರೇಷನ್, ಒಂದು ರಾಜ್ಯಕ್ಕೆ ಒಂದೇ ಸಂಸ್ಥೆ, ಒಂದು ಜಿಲ್ಲೆಗೆ ಒಂದೇ ಘಟಕ. ಆಟದ ನಿಯಮ, ಆಯ್ಕೆ, ಪಂದ್ಯಾವಳಿಗಳು ಏಕರೂಪವಾಗಿರಬೇಕಾದ್ದರಿಂದ ಇದು ಅನಿವಾರ್ಯವೂ ಹೌದು. ಕಿರಾಣಿ ಅಂಗಡಿಯವನು ತೂಕದಲ್ಲಿ ಮೋಸ ಮಾಡಿದರೆ ಪಕ್ಕದ ಅಂಗಡಿಗೆ ಹೋಗಬಹುದು. ಆಯ್ಕೆಯಲ್ಲಿ ಮೋಸವಾದರೆ ಆಟಗಾರ್ತಿ ಎಲ್ಲಿಗೆ ಹೋಗಬೇಕು? ವಿದ್ಯುತ್, ರೈಲುಗಳಂತಹ ಏಕಸ್ವಾಮ್ಯಗಳನ್ನು ಸರ್ಕಾರ ತಾನೇ ನಡೆಸುತ್ತದೆ ಅಥವಾ ನಿಯಂತ್ರಿಸುತ್ತದೆ. ಇಲ್ಲಿ ಎರಡೂ ಇಲ್ಲ.

ಇದಕ್ಕಿಂತ ಗಂಭೀರವಾದ ವಿಷಯ ಇನ್ನೊಂದಿದೆ. ಜಿಲ್ಲಾ ಸಂಸ್ಥೆಗಳು ದುರ್ಬಲವಾಗಿರುವುದನ್ನು ನಾವು ಸಾಮಾನ್ಯವಾಗಿ ಹಣದ ಕೊರತೆ, ಆಸಕ್ತಿಯ ಕೊರತೆ ಎಂದು ವಿವರಿಸುತ್ತೇವೆ. ಸೇವಾವಧಿಯ ಕೊನೆಯ ವರ್ಷಗಳಲ್ಲಿ ನನಗೆ ಈ ವಿವರಣೆಯಲ್ಲಿ ನಂಬಿಕೆ ಕಡಿಮೆಯಾಯಿತು. ರಾಜ್ಯ ಸಂಸ್ಥೆಯ ಚುನಾವಣೆಯಲ್ಲಿ ಸಾಮಾನ್ಯವಾಗಿ ಮತ ಹಾಕುವುದು ಜಿಲ್ಲಾ ಘಟಕಗಳು. ನೂರಾರು ಆಟಗಾರರ ನೋಂದಣಿ, ವರ್ಷಕ್ಕೆ ನಾಲ್ಕು ಪಂದ್ಯಾವಳಿ, ಸರಿಯಾದ ಸರ್ವಸದಸ್ಯರ ಸಭೆ ಇರುವ ಜಿಲ್ಲಾ ಘಟಕಕ್ಕೂ ಒಂದು ಮತ. ಒಂದು ಲೆಟರ್‌ಹೆಡ್ ಮತ್ತು ಒಂದು ಮೊಬೈಲ್ ಸಂಖ್ಯೆ ಮಾತ್ರ ಇರುವ ಘಟಕಕ್ಕೂ ಒಂದು ಮತ. ಮೊದಲನೆಯದು ಪ್ರಶ್ನೆ ಕೇಳುತ್ತದೆ. ಎರಡನೆಯದು ಕೇಳುವುದಿಲ್ಲ. ಹಾಗಿರುವಾಗ ರಾಜ್ಯ ಮಟ್ಟದಲ್ಲಿ ಕುರ್ಚಿ ಉಳಿಸಿಕೊಳ್ಳಬೇಕಾದವರಿಗೆ ಯಾವ ಬಗೆಯ ಜಿಲ್ಲಾ ಘಟಕ ಬೇಕೆನಿಸುತ್ತದೆ? ಕಾಗದದ ಮೇಲಷ್ಟೇ ಇರುವ ಘಟಕ ಅವರಿಗೊಂದು ಆಸ್ತಿ. ಅದು ಬಲಗೊಳ್ಳುವುದರಲ್ಲಿ ಅವರಿಗೆ ಲಾಭವಿಲ್ಲ. ಈ ಲೆಕ್ಕಾಚಾರ ಬದಲಾಗದ ಹೊರತು ಮೇಲಿನಿಂದ ಎಷ್ಟು ಸಂಹಿತೆಗಳು ಬಂದರೂ ಕೆಳಗಿನ ಟ್ರಂಕು ಟ್ರಂಕಾಗಿಯೇ ಇರುತ್ತದೆ.

ರಾಜಸ್ಥಾನದ ಅನುಭವ ಈ ಮಾತಿಗೆ ಪುಷ್ಟಿ ಕೊಡುತ್ತದೆ. ಅಲ್ಲಿ 2005ರಲ್ಲಿ ಕ್ರೀಡಾ ಸಂಸ್ಥೆಗಳ ನೋಂದಣಿ, ಮಾನ್ಯತೆ ಮತ್ತು ನಿಯಂತ್ರಣಕ್ಕೆಂದೇ ಒಂದು ಕಾಯ್ದೆ ಬಂತು. ಉದ್ದೇಶ ಪಾರದರ್ಶಕತೆ. ಕ್ರಿಕೆಟ್ ಸಂಸ್ಥೆಯಲ್ಲಿ ವೈಯಕ್ತಿಕ ಸದಸ್ಯರ ಮತಾಧಿಕಾರ ಹೋಗಿ ಮತವೆಲ್ಲ ಜಿಲ್ಲಾ ಸಂಸ್ಥೆಗಳ ಕೈಗೆ ಬಂತು. ಕಾಗದದ ಮೇಲೆ ಇದು ವಿಕೇಂದ್ರೀಕರಣ. ವಾಸ್ತವದಲ್ಲಿ ಮೂವತ್ತೆರಡು ಜಿಲ್ಲಾ ಸಂಸ್ಥೆಗಳ ಒಲವನ್ನು ಗಳಿಸಿಕೊಂಡವರಿಗೆ ಇಡೀ ರಾಜ್ಯದ ಕ್ರಿಕೆಟ್ ದಕ್ಕಿತು. ಆ ವರ್ಷವೇ ಲಲಿತ್ ಮೋದಿ ಅಧ್ಯಕ್ಷರಾದರು. 2014ರಲ್ಲಿ ಅವರು ಮತ್ತೆ ಆಯ್ಕೆಯಾದಾಗ ಕ್ರಿಕೆಟ್ ಮಂಡಳಿ ರಾಜಸ್ಥಾನ ಸಂಸ್ಥೆಯನ್ನೇ ಅಮಾನತು ಮಾಡಿತು. ಅದು ತೆರವಾದದ್ದು 2017ರ ಡಿಸೆಂಬರಿನಲ್ಲಿ. ಜಿಲ್ಲಾ ಘಟಕಗಳ ಸಾಮರ್ಥ್ಯವನ್ನು ಬೆಳೆಸದೆ ಅವುಗಳ ಮತದ ಬೆಲೆಯನ್ನಷ್ಟೇ ಹೆಚ್ಚಿಸಿದರೆ ಇನ್ನೇನಾದೀತು?

ಬಿಹಾರದ ಕತೆ ಇನ್ನೂ ದುಃಖಕರ. ಝಾರ್ಖಂಡ್ ಬೇರೆಯಾದ ಬಳಿಕ ಬಿಹಾರದ ಕ್ರಿಕೆಟ್ ಆಡಳಿತ ಬಣಗಳ ಜಗಳ ಮತ್ತು ಮೊಕದ್ದಮೆಗಳಲ್ಲಿ ಸಿಲುಕಿ, ರಾಜ್ಯದ ತಂಡ ಒಂದು ದಶಕಕ್ಕೂ ಹೆಚ್ಚು ಕಾಲ ರಣಜಿ ಟ್ರೋಫಿಯಿಂದ ಹೊರಗುಳಿಯಿತು. 2018–19ರಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದ ಮೇಲೆ ಮರಳಿತು. ಅಷ್ಟಾದರೂ ಬುದ್ಧಿ ಬಂದಿರಲಿಲ್ಲ. 2024ರ ಜನವರಿ 5ರಂದು ಪಟ್ನಾದ ಮೊಯಿನ್ ಉಲ್ ಹಕ್ ಕ್ರೀಡಾಂಗಣದಲ್ಲಿ ಮುಂಬೈ ವಿರುದ್ಧದ ರಣಜಿ ಪಂದ್ಯಕ್ಕೆ ಬಿಹಾರದ ಎರಡು ತಂಡಗಳು ಬಂದು ನಿಂತವು: ಒಂದು ಅಧ್ಯಕ್ಷರ ಪಟ್ಟಿ, ಇನ್ನೊಂದು ಕಾರ್ಯದರ್ಶಿಯ ಪಟ್ಟಿ. ಪೊಲೀಸರು ಮಧ್ಯ ಪ್ರವೇಶಿಸಬೇಕಾಯಿತು. ಆ ದಿನ ಬಸ್ಸಿನಿಂದಿಳಿದು ಹಿಂದಿರುಗಿದ ಹುಡುಗರು ತಮ್ಮ ಮನೆಗಳಲ್ಲಿ ಏನು ಹೇಳಿದರೋ ಎಂದು ನಾನು ಯೋಚಿಸಿದ್ದೇನೆ. 2019ರಲ್ಲಿ ಬಿಲ್ಲುಗಾರಿಕೆ ಸಂಸ್ಥೆಯಲ್ಲಿ ಎರಡು ಬಣಗಳಾಗಿ ವಿಶ್ವ ಸಂಸ್ಥೆಯಿಂದ ಅಮಾನತಾದಾಗಲೂ ಹೀಗೆಯೇ ಆಯಿತು. ಆ ವರ್ಷದ ನವೆಂಬರಿನಲ್ಲಿ ಬ್ಯಾಂಕಾಕ್‌ನಲ್ಲಿ ದೀಪಿಕಾ ಕುಮಾರಿ ಒಲಿಂಪಿಕ್ಸ್‌ಗೆ ಅರ್ಹತೆ ಗಳಿಸಿದರು. ಆಗ ಅವರು ಸ್ಪರ್ಧಿಸಿದ್ದು ತ್ರಿವರ್ಣ ಧ್ವಜದಡಿ ಅಲ್ಲ.

ಹಾಗಾದರೆ ಸರ್ಕಾರವೇ ಕ್ರೀಡಾ ಸಂಸ್ಥೆಗಳನ್ನು ವಹಿಸಿಕೊಳ್ಳಬಾರದೇಕೆ ಎಂದು ಕೆಲವು ಗೆಳೆಯರು ಕೇಳುತ್ತಾರೆ. ಸರ್ಕಾರಿ ಕುರ್ಚಿಯಲ್ಲಿ ಮೂರು ದಶಕ ಕಳೆದ ನನಗೆ ಆ ಭ್ರಮೆ ಇಲ್ಲ. ಜಿಲ್ಲಾಧಿಕಾರಿಯಾಗಿದ್ದಾಗ ನಾನು ಎಷ್ಟು ಸಮಿತಿಗಳಿಗೆ ಪದನಿಮಿತ್ತ ಅಧ್ಯಕ್ಷನಾಗಿದ್ದೆ ಎಂಬುದು ನನಗೇ ಸರಿಯಾಗಿ ತಿಳಿದಿರಲಿಲ್ಲ. ಜಿಲ್ಲಾ ಕ್ರೀಡಾಂಗಣ ಸಮಿತಿಯೂ ಅವುಗಳಲ್ಲೊಂದು. ಅದರ ಸಭೆಗಳಲ್ಲಿ ಚರ್ಚೆಯಾಗುತ್ತಿದ್ದದ್ದು ಗ್ಯಾಲರಿಯ ಕೆಳಗಿನ ಮಳಿಗೆಗಳ ಬಾಡಿಗೆ, ಗಣರಾಜ್ಯೋತ್ಸವದ ಶಾಮಿಯಾನ, ಕಾಂಪೌಂಡ್ ಗೋಡೆ. ಆಟದ ಬಗ್ಗೆ ಒಂದೇ ಒಂದು ಸಭೆ ನಡೆದ ನೆನಪು ನನಗಿಲ್ಲ. ಅದರಲ್ಲಿ ನನ್ನ ಪಾಲಿನ ತಪ್ಪೂ ಇದೆ.

ಅಲ್ಲದೆ ಸರ್ಕಾರದ ನೇರ ಹಸ್ತಕ್ಷೇಪವನ್ನು ಅಂತರರಾಷ್ಟ್ರೀಯ ಸಂಸ್ಥೆಗಳು ಸಹಿಸುವುದಿಲ್ಲ. 2022ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಆಡಳಿತವನ್ನು ನ್ಯಾಯಾಲಯ ನೇಮಿಸಿದ ಸಮಿತಿ ವಹಿಸಿಕೊಂಡಾಗ, ‘ಮೂರನೆಯವರ ಪ್ರಭಾವ’ ಎಂಬ ಕಾರಣ ನೀಡಿ ಫಿಫಾ ಆಗಸ್ಟ್‌ನಲ್ಲಿ ಭಾರತವನ್ನು ಅಮಾನತು ಮಾಡಿತು. ಎರಡು ವಾರದೊಳಗೆ ಅದು ತೆರವಾಯಿತು. ಆದರೆ ಅಷ್ಟರಲ್ಲಿ ಏಷ್ಯಾದ ಮಹಿಳಾ ಕ್ಲಬ್ ಪಂದ್ಯಾವಳಿಗೆಂದು ಉಜ್ಬೇಕಿಸ್ತಾನಕ್ಕೆ ಹೋಗಿ ಇಳಿದಿದ್ದ ಗೋಕುಲಂ ಕೇರಳ ತಂಡದ ಹುಡುಗಿಯರು ಚೆಂಡು ಮುಟ್ಟದೆ ವಾಪಸಾದರು. ಯಾರ ತಪ್ಪಿಗೆ ಯಾರಿಗೆ ದಂಡ! ಆದ್ದರಿಂದ ಸರ್ಕಾರಕ್ಕೆ ಕುರ್ಚಿಯ ಆಸೆ ಬೇಡ. ಅದರ ಕೈಯಲ್ಲಿ ಬೇರೆ ಎರಡು ಸಾಧನಗಳಿವೆ: ಹಣ ಮತ್ತು ನೋಂದಣಿ. ಎರಡನ್ನೂ ಅದು ಇದುವರೆಗೆ ಸರಿಯಾಗಿ ಬಳಸಿಲ್ಲ.

ನೋಂದಣಿಯ ವಿಷಯವನ್ನೇ ನೋಡಿ. ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ಕ್ರೀಡೆ ರಾಜ್ಯ ಪಟ್ಟಿಯಲ್ಲಿದೆ. ಇಂತಹ ಸಂಘಗಳ ವಿಷಯವೂ ಅದೇ ಪಟ್ಟಿಯಲ್ಲಿದೆ. ನಮ್ಮ ಕ್ರೀಡಾ ಸಂಸ್ಥೆಗಳು ಸಾಮಾನ್ಯವಾಗಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ನೋಂದಾಯಿತವಾದವು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಬೇಕು, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸಲ್ಲಿಸದಿದ್ದರೆ, ದೂರು ಬಂದರೆ 25ನೇ ಕಲಮಿನಡಿ ವಿಚಾರಣೆ ನಡೆಸುವ ಅಧಿಕಾರ ಅವರಿಗಿದೆ. ಹೊಸ ಕಾಯ್ದೆ ಬೇಕಿಲ್ಲ. ಸಹಕಾರ ಇಲಾಖೆಯ ಆ ಅಧಿಕಾರಿಯ ಮೇಜಿನ ಮೇಲೆ ಯುವಕ ಸಂಘ, ಮಹಿಳಾ ಮಂಡಳ, ಶಿಕ್ಷಣ ಸಂಸ್ಥೆ, ನಿವಾಸಿಗಳ ಸಂಘಗಳ ಕಡತಗಳೆಲ್ಲ ರಾಶಿ ಬಿದ್ದಿರುತ್ತವೆ. ಕ್ರೀಡಾ ಸಂಸ್ಥೆಯ ಕಡತ ಮೇಲೆ ಬರುವುದು ಜಗಳವಾದಾಗ ಮಾತ್ರ. ಇತ್ತ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಅದೇ ಸಂಸ್ಥೆಗೆ ಅನುದಾನ ಕೊಡುವಾಗ ನೋಂದಣಾಧಿಕಾರಿಯನ್ನು ಒಂದು ಮಾತು ಕೇಳುವುದಿಲ್ಲ. ಒಂದೇ ಕಟ್ಟಡದ ಎರಡು ಮಹಡಿಗಳಲ್ಲಿ ಕುಳಿತ ಎರಡು ಇಲಾಖೆಗಳು ಪರಸ್ಪರ ಮಾತನಾಡದೆ ಇಪ್ಪತ್ತು ವರ್ಷ ಕಳೆಯಬಲ್ಲವು ಎಂಬುದನ್ನು ಸರ್ಕಾರಿ ಸೇವೆಯಲ್ಲಿದ್ದವರಿಗೆ ವಿವರಿಸಬೇಕಿಲ್ಲ.

ಸಂಘಟನಾ ಸಾಮರ್ಥ್ಯ ಎಂಬುದು ನಮ್ಮ ಜನರಲ್ಲಿ ಇಲ್ಲವೇ ಎಂದು ಸಂಶಯಪಡುವವರು ಒಮ್ಮೆ ಕೊಡಗಿಗೆ ಹೋಗಿ ಬರಬೇಕು. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವಕ್ಕೆ ಮೊದಲ ವರ್ಷ ಬಂದದ್ದು 60 ತಂಡಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಉತ್ಸವದಲ್ಲಿ 360 ತಂಡಗಳು ಆಡಿ ಗಿನ್ನೆಸ್ ದಾಖಲೆಯಾಯಿತು. ತಿಂಗಳಷ್ಟು ಕಾಲ ನಡೆಯುವ ಪಂದ್ಯಾವಳಿ ಇದು. ಮೈದಾನ, ತೀರ್ಪುಗಾರರು, ವೇಳಾಪಟ್ಟಿ, ಊಟ, ವಾಹನ ನಿಲುಗಡೆ, ಗ್ಯಾಲರಿ ಎಲ್ಲವನ್ನೂ ಹೊಂದಿಸಬೇಕು. ಕೋವಿಡ್‌ನಂತಹ ಕಾರಣಗಳಿಗೆ ನಿಂತ ವರ್ಷಗಳನ್ನು ಬಿಟ್ಟರೆ ಉತ್ಸವ ನಡೆದುಕೊಂಡು ಬಂದಿದೆ.

ನನಗೆ ಕುತೂಹಲ ಹುಟ್ಟಿಸಿದ್ದು ಅದರ ರಚನೆ. ಪ್ರತಿ ವರ್ಷ ಆತಿಥ್ಯ ಬೇರೊಂದು ಒಕ್ಕಕ್ಕೆ, ಅಂದರೆ ಕುಟುಂಬಕ್ಕೆ, ಹೋಗುತ್ತದೆ. ಕಪ್ ಕೂಡ ಆ ಕುಟುಂಬದ ಹೆಸರಿನದು. ಹೀಗಾಗಿ ಅವಧಿ ಮಿತಿಯ ಪ್ರಶ್ನೆಯೇ ಏಳುವುದಿಲ್ಲ. ಅವಧಿ ಒಂದೇ ವರ್ಷ. ಚೆನ್ನಾಗಿ ನಡೆಸಿದರೆ ಮನೆತನಕ್ಕೆ ಕೀರ್ತಿ, ಕೆಟ್ಟರೆ ಮದುವೆ ಮನೆಗಳಲ್ಲಿ ತಲೆಮಾರುಗಳವರೆಗೆ ಮಾತು ಕೇಳಬೇಕು. ತಾಂತ್ರಿಕ ಹೊಣೆಗೆ ಕೊಡವ ಹಾಕಿ ಅಕಾಡೆಮಿ ಇದೆ. ಆಟದ ನಿಯಮಗಳ ಅರಿವು ವರ್ಷದಿಂದ ವರ್ಷಕ್ಕೆ ಅಲ್ಲಿ ಉಳಿಯುತ್ತದೆ. ಪದಾಧಿಕಾರ ಬದಲಾಗುತ್ತದೆ, ಕಚೇರಿಯ ನೆನಪು ಬದಲಾಗುವುದಿಲ್ಲ. ನಮ್ಮ ಬಹುತೇಕ ಜಿಲ್ಲಾ ಸಂಸ್ಥೆಗಳಲ್ಲಿ ನಾನು ಕಂಡದ್ದು ಇದಕ್ಕೆ ತದ್ವಿರುದ್ಧ. ಪದಾಧಿಕಾರಿ ಇಪ್ಪತ್ತೈದು ವರ್ಷ ಬದಲಾಗುವುದಿಲ್ಲ, ಅವರು ಹೋದ ದಿನ ನೆನಪೆಲ್ಲ ಅವರೊಂದಿಗೆ ಹೋಗುತ್ತದೆ. ಕೊಡಗಿನ ಮಾದರಿಯನ್ನು ಬೇರೆಡೆಗೆ ಹಾಗೆಯೇ ಕೊಂಡೊಯ್ಯಲಾಗದು ಎಂಬುದು ನನಗೆ ಗೊತ್ತು; ಒಕ್ಕದಂತಹ ವ್ಯವಸ್ಥೆ, ಹಾಕಿಯ ಮೇಲೆ ಅಂತಹ ಪ್ರೀತಿ ಎಲ್ಲೆಡೆ ಸಿಗುವುದಿಲ್ಲ. ಆದರೆ ಅಧಿಕಾರವನ್ನೂ ನೆನಪನ್ನೂ ಬೇರೆ ಬೇರೆ ಕಡೆ ಇಡುವ ಆ ಜಾಣ್ಮೆಯನ್ನು ಯಾರು ಬೇಕಾದರೂ ಕಲಿಯಬಹುದು.

ನನ್ನ ಸಲಹೆ ಅಲ್ಲಿಂದಲೇ ಹುಟ್ಟಿದ್ದು. ಪ್ರತಿ ಜಿಲ್ಲಾ ಕ್ರೀಡಾಂಗಣದಲ್ಲಿ ಎಲ್ಲ ಆಟಗಳ ಸಂಸ್ಥೆಗಳಿಗೂ ಸೇರಿ ಒಂದು ಸಾಮಾನ್ಯ ಕಾರ್ಯಾಲಯ ಇರಲಿ. ಸಂಬಳದ ಒಬ್ಬ ವ್ಯವಸ್ಥಾಪಕ, ಒಬ್ಬ ಲೆಕ್ಕಿಗ ಸಾಕು. ಯಾರನ್ನು ಆಯ್ಕೆ ಮಾಡಬೇಕು, ಯಾರು ತರಬೇತುದಾರರಾಗಬೇಕು ಎಂಬುದರಲ್ಲಿ ಅವರಿಗೆ ಮಾತಿಲ್ಲ. ಸಭೆಯ ನೋಟಿಸು ಕಳುಹಿಸುವುದು, ನಡಾವಳಿ ಬರೆಯುವುದು, ರಸೀದಿ ಇಡುವುದು, ಬ್ಯಾಂಕ್ ಖಾತೆ ತಾಳೆ ನೋಡುವುದು, ನೋಂದಣಾಧಿಕಾರಿಗೆ ಕಾಲಕ್ಕೆ ಸರಿಯಾಗಿ ಕಾಗದ ಸಲ್ಲಿಸುವುದು ಅವರ ಕೆಲಸ. ಎಲ್ಲಕ್ಕಿಂತ ಮುಖ್ಯವಾಗಿ ಆಟಗಾರರ ವಹಿ: ಹೆಸರು, ಶಾಲೆಯ ದಾಖಲೆಯಂತೆ ಜನ್ಮದಿನಾಂಕ, ಯಾವ ವರ್ಷ ಯಾವ ಪಂದ್ಯಾವಳಿಯಲ್ಲಿ ಯಾವ ತಂಡಕ್ಕೆ ಆಡಿದರು ಎಂಬ ವಿವರ. ಈ ವಹಿ ಎಲ್ಲರೂ ನೋಡುವಂತಿರಬೇಕು. ಆಗ ಪ್ರಮಾಣಪತ್ರಕ್ಕೆ ಆಧಾರ ಕಾರ್ಯದರ್ಶಿಯ ಮರ್ಜಿ ಆಗುವುದಿಲ್ಲ, ವಹಿಯ ಒಂದು ಸಾಲಾಗುತ್ತದೆ. ನನ್ನ ಜಿಲ್ಲೆಯ ಆ ಹುಡುಗಿಗೆ ಬೇಕಾಗಿದ್ದದ್ದು ಅಂತಹ ಒಂದು ಸಾಲು.

ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹಣಕಾಸು ಇಲಾಖೆಯಲ್ಲಿರುವ ನನ್ನ ಹಳೆಯ ಸಹೋದ್ಯೋಗಿಗಳು ಮುಂದೆ ಓದುವುದಿಲ್ಲ. 31 ಜಿಲ್ಲೆಗಳು, ಜಿಲ್ಲೆಗೆ ಇಬ್ಬರು, ತಲಾ ತಿಂಗಳಿಗೆ 40,000 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ ಮೂರು ಕೋಟಿ ರೂಪಾಯಿಗೆ ಸ್ವಲ್ಪ ಕಡಿಮೆ. ಒಂದು ಒಳಾಂಗಣ ಕ್ರೀಡಾಂಗಣದ ಅಂದಾಜು ಪಟ್ಟಿ ನೋಡಿದವರಿಗೆ ಇದು ದೊಡ್ಡ ಮೊತ್ತವಲ್ಲ. ಕಟ್ಟಡಕ್ಕೆ ಹಣ ಸಿಗುತ್ತದೆ, ಅದಕ್ಕೆ ಶಂಕುಸ್ಥಾಪನೆ ಇದೆ, ಉದ್ಘಾಟನೆ ಇದೆ. ಲೆಕ್ಕಿಗನ ಸಂಬಳಕ್ಕೆ ಉದ್ಘಾಟನೆ ಇಲ್ಲ, ತೊಡಕು ಅಲ್ಲಿರುವುದು.

ಎರಡನೆಯ ಹೆಜ್ಜೆ, ಅನುದಾನವನ್ನು ಶ್ರೇಣಿಗಳಲ್ಲಿ ಕೊಡುವುದು. ಬ್ರಿಟನ್ನಿನಲ್ಲಿ 2016ರಲ್ಲಿ ಪ್ರಕಟವಾದ ಕ್ರೀಡಾ ಆಡಳಿತ ಸಂಹಿತೆಯಲ್ಲಿ ಮೂರು ಶ್ರೇಣಿಗಳಿವೆ. ಸಾರ್ವಜನಿಕ ಹಣ ಹೆಚ್ಚು ಪಡೆಯುವ ಸಂಸ್ಥೆಗೆ ಷರತ್ತು ಹೆಚ್ಚು, ಕಡಿಮೆ ಪಡೆಯುವ ಸಣ್ಣ ಕ್ಲಬ್ಬಿಗೆ ಸರಳ ಷರತ್ತು. ನಮ್ಮಲ್ಲಿ ಐವತ್ತು ಸಾವಿರ ಪಡೆಯುವವರಿಗೂ ಐವತ್ತು ಲಕ್ಷ ಪಡೆಯುವವರಿಗೂ ಒಂದೇ ನಮೂನೆಯ ಹಣ ಬಳಕೆ ಪ್ರಮಾಣಪತ್ರ. ಇದರಿಂದ ಸಣ್ಣವರಿಗೆ ಕಿರುಕುಳ, ದೊಡ್ಡವರಿಗೆ ಅನುಕೂಲ. ಪಿ.ಟಿ. ಮಾಸ್ತರರಿಗೆ ನಾನು ವಸೂಲಿ ನೋಟಿಸು ಕೊಟ್ಟ ಅದೇ ವರ್ಷ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಮೊತ್ತಗಳು ಒಂದು ಹಾಳೆಯ ಪ್ರಮಾಣಪತ್ರದ ಮೇಲೆ ನನ್ನ ಕಣ್ಣೆದುರೇ ತೀರುವಳಿಯಾದವು. ಹಾಳೆ ಸರಿಯಾಗಿದ್ದರೆ ಸಾಕು, ಹಣದಿಂದ ಎಷ್ಟು ಮಕ್ಕಳು ಆಡಿದರು ಎಂದು ಕೇಳುವ ಅಂಕಣ ಆ ನಮೂನೆಯಲ್ಲಿ ಇರಲೇ ಇಲ್ಲ.

ಶ್ರೇಣೀಕರಣ ಬಂದರೆ ನಾನು ಮೇಲೆ ಹೇಳಿದ ಮತದ ಲೆಕ್ಕಾಚಾರವನ್ನೂ ಬದಲಿಸಬಹುದು. ಕನಿಷ್ಠ ಇಷ್ಟು ನೋಂದಾಯಿತ ಆಟಗಾರರು, ಕಳೆದ ಎರಡು ವರ್ಷಗಳಲ್ಲಿ ಕನಿಷ್ಠ ಇಷ್ಟು ಪಂದ್ಯಾವಳಿಗಳು, ಸಲ್ಲಿಸಿದ ಲೆಕ್ಕಪತ್ರ—ಇವು ಇರುವ ಜಿಲ್ಲಾ ಘಟಕಗಳಿಗೆ ಮಾತ್ರ ಮತ ಎಂಬ ಬೈಲಾ ಇರುವ ರಾಜ್ಯ ಸಂಸ್ಥೆಗೆ ಮೇಲಿನ ಶ್ರೇಣಿಯ ಅನುದಾನ ಕೊಡಲಿ. ಒತ್ತಾಯ ಬೇಡ; ಬೈಲಾ ಬದಲಿಸುವುದು ಬಿಡುವುದು ಸಂಸ್ಥೆಯ ಇಚ್ಛೆ, ಹಣ ಕೊಡುವುದು ಬಿಡುವುದು ಸರ್ಕಾರದ ಇಚ್ಛೆ. ಇದನ್ನು ಹಸ್ತಕ್ಷೇಪವೆಂದು ಕರೆಯುವುದು ಕಷ್ಟ. ಹೀಗಾದಾಗ ರಾಜ್ಯ ಪದಾಧಿಕಾರಿಗೆ ತನ್ನ ಬೆಂಬಲಿಗ ಜಿಲ್ಲೆಯಲ್ಲಿ ನಿಜವಾಗಿ ಆಟ ನಡೆಯುವಂತೆ ನೋಡಿಕೊಳ್ಳುವ ಅಗತ್ಯ ಬೀಳುತ್ತದೆ. ಸ್ವಾರ್ಥಕ್ಕಾಗಿಯಾದರೂ ನಡೆಯಲಿ, ನನ್ನ ತಕರಾರಿಲ್ಲ.

ರಾಜಕಾರಣಿಗಳನ್ನು ಕ್ರೀಡೆಯಿಂದ ಹೊರಹಾಕಿ ಎಂಬ ಕೂಗಿಗೆ ನಾನು ದನಿಗೂಡಿಸಿಲ್ಲ ಎಂಬುದನ್ನು ಓದುಗರು ಗಮನಿಸಿರಬಹುದು. ಕಬಡ್ಡಿ ಫೆಡರೇಷನ್ನಿನಲ್ಲಿ ಒಬ್ಬ ರಾಜಕಾರಣಿ ಮೂರು ದಶಕಗಳ ಸನಿಹ ಅಧ್ಯಕ್ಷರಾಗಿದ್ದು ನಂತರ ಪತ್ನಿಯನ್ನು ಆ ಸ್ಥಾನದಲ್ಲಿ ಕಂಡದ್ದು, 2018ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ರದ್ದುಪಡಿಸಿ ಆಡಳಿತಾಧಿಕಾರಿಯನ್ನು ನೇಮಿಸಿದ್ದು ನನಗೆ ತಿಳಿಯದ್ದೇನಲ್ಲ. ಆದರೆ ಜಿಲ್ಲೆಯ ಮಟ್ಟದಲ್ಲಿ, ತಂಡಕ್ಕೆ ರೈಲಿನಲ್ಲಿ ಕಾಯ್ದಿರಿಸಿದ ಸೀಟು ಸಿಗದಿದ್ದಾಗ, ಕಲ್ಯಾಣ ಮಂಟಪ ಉಚಿತವಾಗಿ ಬೇಕಾದಾಗ, ಸ್ಥಳೀಯ ಶಾಸಕರೊಬ್ಬರ ದೂರವಾಣಿ ಕರೆ ಮಾಡಿದ ಉಪಕಾರವನ್ನೂ ಕಂಡಿದ್ದೇನೆ. ಇನ್ನು ಆಟಗಾರರೇ ಆಡಳಿತ ನಡೆಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. 2010ರಲ್ಲಿ ಅನಿಲ್ ಕುಂಬ್ಳೆ ಅಧ್ಯಕ್ಷರಾಗಿ, ಜಾವಗಲ್ ಶ್ರೀನಾಥ್ ಕಾರ್ಯದರ್ಶಿಯಾಗಿ ರಾಜ್ಯ ಕ್ರಿಕೆಟ್ ಸಂಸ್ಥೆಗೆ ಆಯ್ಕೆಯಾದಾಗ ನಮಗೆಲ್ಲ ಹೆಮ್ಮೆಯಾಗಿತ್ತು. ಆದರೆ ಕೊಕ್ಕೊ, ಬಾಲ್ ಬ್ಯಾಡ್ಮಿಂಟನ್, ಅಥ್ಲೆಟಿಕ್ಸ್‌ನ ಜಿಲ್ಲಾ ಘಟಕಕ್ಕೆ ಅಂತಹವರು ಎಲ್ಲಿಂದ ಬರಬೇಕು? ಅಲ್ಲಿಗೆ ಬರುವವರು ಮಾಸ್ತರರಂತಹವರೇ. ಅವರ ಉತ್ಸಾಹಕ್ಕೆ ಒಬ್ಬ ಲೆಕ್ಕಿಗನ ಆಸರೆ ಇರಲಿ ಎಂಬುದಷ್ಟೇ ನನ್ನ ಮಾತು.

2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಕೊಕ್ಕೊ ವಿಶ್ವಕಪ್‌ನಲ್ಲಿ ಭಾರತದ ಪುರುಷರ ಹಾಗೂ ಮಹಿಳೆಯರ ತಂಡಗಳೆರಡೂ ಗೆದ್ದವು. ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಎಂಬ ಇಬ್ಬರು ಕನ್ನಡಿಗರು ಆ ತಂಡಗಳಲ್ಲಿದ್ದರು. ರಾಜ್ಯ ಸರ್ಕಾರ ಘೋಷಿಸಿದ ತಲಾ 5 ಲಕ್ಷ ರೂಪಾಯಿಯ ಬಹುಮಾನ ನೆರೆಯ ಮಹಾರಾಷ್ಟ್ರ ಕೊಟ್ಟದ್ದಕ್ಕೆ ಹೋಲಿಸಿದರೆ ತೀರಾ ಕಡಿಮೆಯೆಂದು ಅವರು ಅದನ್ನು ನಿರಾಕರಿಸಿದಾಗ ಕೆಲವು ದಿನ ಪತ್ರಿಕೆಗಳಲ್ಲಿ ಆ ಮೊತ್ತದ ಚರ್ಚೆ ನಡೆಯಿತು. ಅವರ ಬೇಸರ ನ್ಯಾಯವಾದದ್ದೇ. ನಾನು ಮಾತ್ರ ಆ ಸುದ್ದಿ ಓದುತ್ತಾ, ಅವರಿಬ್ಬರ ಹಿಂದೆ ಎಷ್ಟು ಊರುಗಳಲ್ಲಿ ಎಷ್ಟು ಟ್ರಂಕುಗಳಿರಬಹುದೆಂದು ಲೆಕ್ಕ ಹಾಕುತ್ತಿದ್ದೆ.

ಕಳೆದ ವರ್ಷ ಮದುವೆಯೊಂದಕ್ಕೆಂದು ಆ ಜಿಲ್ಲೆಗೆ ಹೋಗಿದ್ದಾಗ ಕ್ರೀಡಾಂಗಣದ ಬಳಿ ಕಾರು ನಿಲ್ಲಿಸಿದೆ. ಸಂಜೆಯ ಹೊತ್ತು, ಒಂದು ಮೂಲೆಯಲ್ಲಿ ಹುಡುಗಿಯರು ಕೊಕ್ಕೊ ಆಡುತ್ತಿದ್ದರು. ಗ್ಯಾಲರಿಯ ಕೆಳಗೆ ಮೊಬೈಲ್ ರಿಪೇರಿ ಅಂಗಡಿ, ಜೆರಾಕ್ಸ್ ಅಂಗಡಿ, ಎರಡು ಚಹದ ಅಂಗಡಿಗಳಿದ್ದವು. ಕೊನೆಯ ಮಳಿಗೆಗೆ ಬೀಗ ಹಾಕಿತ್ತು. ಅದು ಬಹಳ ದಿನಗಳಿಂದ ಖಾಲಿ ಇದೆ, ಬಾಡಿಗೆಗೆ ಯಾರೂ ಬಂದಿಲ್ಲ ಎಂದು ಕಾವಲುಗಾರ ಹೇಳಿದ. ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದ ಇರಬಹುದು. ಅದನ್ನು ಕಾರ್ಯಾಲಯಕ್ಕೆ ಬಿಟ್ಟುಕೊಡಲು ಸಚಿವ ಸಂಪುಟದ ತೀರ್ಮಾನ ಬೇಕಿಲ್ಲ. ಜಿಲ್ಲಾ ಕ್ರೀಡಾಂಗಣ ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ, ಮಳಿಗೆಗಳ ಬಾಡಿಗೆಯ ವಿಷಯದ ಕೆಳಗೆ, ಒಂದು ಸಾಲು ಸೇರಿಸಿದರೆ ಸಾಕು.